ಏರು ಉಂಟು, ಇಳಿತ ಇಲ್ಲ: ಆಟೊ ಇನ್‌ಕ್ಲೈನ್ ಟ್ರೆಡ್‌ಮಿಲ್ಲನ್ನು ಮಂಡಿಯ ಕಣ್ಣಿನಿಂದ ನೋಡಿದರೆ

ಅಂಗಡಿಯಲ್ಲಿ ಡೆಮೊ ಕೊಡುವವರು ಮೊದಲು ಒತ್ತುವುದು ಇನ್‌ಕ್ಲೈನ್ ಗುಂಡಿಯನ್ನೇ. ಗುಂಯ್ ಎನ್ನುತ್ತ ಟ್ರೆಡ್‌ಮಿಲ್ಲಿನ ಮೂತಿ ಮೇಲೇಳುತ್ತದೆ, ಪರದೆಯ ಮೇಲೆ 1, 2, 3 ಎಂದು ಅಂಕಿ ಏರುತ್ತದೆ, ಜೊತೆಗೊಂದು ಮಾತು ಬರುತ್ತದೆ: "ಮಂಡಿಗೆ ತುಂಬ ಒಳ್ಳೇದು ಸಾರ್, ನೋವಿದ್ದವರೂ ಓಡಬಹುದು." ಮಾತು ಪೂರ್ತಿ ಸುಳ್ಳಲ್ಲ. ಆದರೆ ಅರ್ಧಕ್ಕೇ ನಿಂತುಬಿಡುತ್ತದೆ.

ಇಲ್ಲಿ ನೋಡುತ್ತಿರುವುದು ಒಂದು ಬ್ರ್ಯಾಂಡನ್ನಲ್ಲ. ಮನೆಬಳಕೆಗೆಂದು ಮಾರುವ, ಪೆಟ್ಟಿಗೆಯ ಮೇಲೆ "15 ಲೆವೆಲ್ ಆಟೊ ಇನ್‌ಕ್ಲೈನ್" ಎಂದು ಬರೆದಿರುವ ಇಡೀ ವರ್ಗವನ್ನು. ಒಳಗಿನ ಕಟ್ಟು ಹೆಚ್ಚುಕಡಿಮೆ ಒಂದೇ. ಮುಂಭಾಗದ ಅಡಿಯಲ್ಲಿ ತಿರುಪು ಸರಳೊಂದು, ಅದನ್ನು ತಿರುಗಿಸಲು ಪ್ರತ್ಯೇಕ ಸಣ್ಣ ಮೋಟಾರು. ಸರಳು ಹೊರಬಂದಷ್ಟೂ ಮುಂಗಾಲು ನೆಲವನ್ನು ಒತ್ತಿ ಹಲಗೆಯನ್ನು ಎತ್ತುತ್ತದೆ. ಪಿನ್ ಕಿತ್ತು ಕೈಯಿಂದಲೇ ಬದಲಿಸುವ "ಮ್ಯಾನುವಲ್ 3 ಲೆವೆಲ್" ಯಂತ್ರಗಳೂ ಸಿಗುತ್ತವೆ. ಅವುಗಳಲ್ಲಿ ಏರು ಅಲ್ಪ, ಬದಲಿಸಬೇಕಾದರೆ ಪ್ರತಿಸಲ ಯಂತ್ರ ನಿಲ್ಲಿಸಿ ಇಳಿಯಬೇಕು. ಎರಡನೇ ವಾರದ ಹೊತ್ತಿಗೆ ಆ ಪಿನ್ನನ್ನು ಯಾರೂ ಮುಟ್ಟುವುದಿಲ್ಲ. ಅದಕ್ಕೆಂದು ಹೆಚ್ಚು ದುಡ್ಡು ಕೊಡಬೇಡಿ.

ಮೊದಲು ಯಂತ್ರಕ್ಕೆ ಸಲ್ಲಬೇಕಾದ ಹೊಗಳಿಕೆ. ಸಮತಟ್ಟಿನಲ್ಲಿ ಓಡುವಾಗ, ಅದರಲ್ಲೂ ಹಿಮ್ಮಡಿ ಮೊದಲು ಊರುವವರಿಗೆ, ಪಾದ ನೆಲಕ್ಕೆ ತಾಗಿದ ಕೂಡಲೇ ಒಂದು ಚೂಪಾದ ಪೆಟ್ಟು ಕಾಲಿನುದ್ದಕ್ಕೂ ಮೇಲೆ ಸಾಗುತ್ತದೆ. ಏರಿನಲ್ಲಿ ನೆಲವೇ ಪಾದದತ್ತ ಎದ್ದು ಬಂದಿರುತ್ತದೆ. ಪಾದ ಬೀಳುವ ಎತ್ತರ ಕಡಿಮೆ, ಹೆಜ್ಜೆ ಗಿಡ್ಡ, ಊರುವುದು ಪಾದದ ಮುಂಭಾಗ. ಗಾಟ್‌ಶಾಲ್ ಮತ್ತು ಕ್ರಾಮ್ ಎಂಬ ಸಂಶೋಧಕರು ಬಲ ಅಳೆಯುವ ಟ್ರೆಡ್‌ಮಿಲ್ಲಿನ ಮೇಲೆ ಓಟಗಾರರನ್ನು ಸೆಕೆಂಡಿಗೆ 3 ಮೀಟರ್, ಅಂದರೆ ಗಂಟೆಗೆ 10.8 ಕಿ.ಮೀ. ವೇಗದಲ್ಲಿ ಓಡಿಸಿ 2005ರಲ್ಲಿ ಪ್ರಕಟಿಸಿದ ಅಳತೆಯಲ್ಲಿ, 9 ಡಿಗ್ರಿ ಏರಿನಲ್ಲಿ ಆ ಮೊದಲ ಪೆಟ್ಟು ಬಹುಮಟ್ಟಿಗೆ ಕಾಣದಾಗಿತ್ತು. ಮಾರಾಟಗಾರರ ಮಾತಿಗೆ ಆಧಾರವಿದ್ದರೆ ಇದೇ ಇರಬೇಕು.

ಹಾಗಾದರೆ ಹೊರೆ ಎಲ್ಲಿ ಹೋಯಿತು? ಸೊಂಟದ ಹಿಂಭಾಗದ ದೊಡ್ಡ ಸ್ನಾಯುಗಳಿಗೆ ಮತ್ತು ಮೀನಖಂಡಕ್ಕೆ. ಹೊಸದಾಗಿ ಯಂತ್ರ ತಂದವರು ಮೊದಲ ವಾರವೇ 12ಕ್ಕೆ ಏರಿಸಿ ಅರ್ಧ ಗಂಟೆ ನಡೆದರೆ ಮಂಡಿ ಹಾಯಾಗಿಯೇ ಇರುತ್ತದೆ; ಬೆಳಿಗ್ಗೆ ಹಾಸಿಗೆಯಿಂದ ಇಳಿದು ನೆಲಕ್ಕೆ ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಬಿಗಿದು ಚುರುಕ್ ಎನ್ನುತ್ತದೆ. ಏರಿನಲ್ಲಿ ಕಣಕಾಲು ಪ್ರತಿ ಹೆಜ್ಜೆಗೂ ಹೆಚ್ಚು ಮಡಚಿ ಆ ರಜ್ಜು ಎಳೆಯಲ್ಪಡುವುದೇ ಇದಕ್ಕೆ ಕಾರಣ. ವಾರಕ್ಕೆ ಒಂದು ಅಥವಾ ಎರಡು ಲೆವೆಲ್ ಮಾತ್ರ ಏರಿಸಿ. ಇನ್ನೊಂದು ಎಚ್ಚರಿಕೆಯೂ ಇದೆ: ಕಡಿದಾದ ಏರಿನಲ್ಲಿ ಪಾದ ಊರುವಾಗ ಮಂಡಿ ಹೆಚ್ಚು ಬಾಗಿರುತ್ತದೆ. ಮಂಡಿಚಿಪ್ಪಿನ ಹಿಂದೆ ಈಗಾಗಲೇ ನೋವಿದ್ದವರಿಗೆ ಪೆಟ್ಟು ಕಡಿಮೆಯಾದರೂ ಈ ಬಾಗು ತೊಂದರೆ ಕೊಡಬಹುದು. ಅಂಥವರು ಶೇ. 3ರಿಂದ 6ರ ಏರಿನಲ್ಲಿ, ಅಂದರೆ ನೂರು ಮೀಟರಿಗೆ 3ರಿಂದ 6 ಮೀಟರ್ ಮೇಲೇರುವಷ್ಟರಲ್ಲಿ, ಬಿರುಸಾಗಿ ನಡೆಯುವುದೇ ಲೇಸು.

ಶೇಕಡಾ ಅಂದೆವು, ಲೆವೆಲ್ ಅನ್ನಲಿಲ್ಲ. ಈ ವರ್ಗದ ಯಂತ್ರಗಳ ಮೇಲೆ ನಮ್ಮ ದೊಡ್ಡ ತಕರಾರು ಇಲ್ಲಿಯೇ. "15 ಲೆವೆಲ್" ಎಂದರೆ ಶೇ. 15ರ ಏರು ಎಂದೇ ಕೊಳ್ಳುವವರು ತಿಳಿಯುತ್ತಾರೆ. ಪೆಟ್ಟಿಗೆಯವರು ಹಾಗೆಂದು ಎಲ್ಲಿಯೂ ಬರೆದಿರುವುದಿಲ್ಲ! ಲೆವೆಲ್ ಎಂದರೆ ಇಡೀ ಏರಿಕೆಯನ್ನು 15 ಭಾಗ ಮಾಡಿದ್ದು, ಅಷ್ಟೇ. ಆ ಇಡೀ ಏರಿಕೆ ಎಷ್ಟು ಎಂಬುದನ್ನು ನೀವೇ ಅಳೆಯಬೇಕು.

ಅಳೆಯುವುದು ಐದು ನಿಮಿಷದ ಕೆಲಸ. ಯಂತ್ರವನ್ನು 0ಗೆ ಇಳಿಸಿ, ಬೆಲ್ಟು ನಿಲ್ಲಿಸಿ. ಹಲಗೆಯ ಪಕ್ಕದ ಪಟ್ಟಿಯ ಮೇಲೆ 100 ಸೆಂ.ಮೀ. ಅಂತರದಲ್ಲಿ ಎರಡು ಗುರುತು ಹಾಕಿ. ಎರಡೂ ಕಡೆ ನೆಲದಿಂದ ಗುರುತಿನವರೆಗಿನ ಎತ್ತರವನ್ನು ಟೇಪಿನಿಂದ ಅಳೆದು ಬರೆದಿಟ್ಟುಕೊಳ್ಳಿ. ಆಮೇಲೆ ಗರಿಷ್ಠಕ್ಕೆ ಏರಿಸಿ ಮತ್ತೆ ಅಳೆಯಿರಿ. ಎರಡು ಗುರುತುಗಳ ಎತ್ತರದ ವ್ಯತ್ಯಾಸ 10 ಸೆಂ.ಮೀ. ಬಂದರೆ ಏರು ಸುಮಾರು ಶೇ. 10, 15 ಬಂದರೆ ಸುಮಾರು ಶೇ. 15. ಟೇಪು ಬೇಡವೆಂದರೆ ಮೊಬೈಲಿನ ಲೆವೆಲ್ ಆ್ಯಪ್ ತೆರೆದು ಹಲಗೆಯ ಮೇಲಿಡಿ; ಶೇ. 5 ಎಂದರೆ 2.9 ಡಿಗ್ರಿ, ಶೇ. 10 ಎಂದರೆ 5.7, ಶೇ. 15 ಎಂದರೆ 8.5. ಟೇಪು ನೆಲದಿಂದ ಅಳೆಯುತ್ತದೆ, ಮೊಬೈಲು ನಿಜವಾದ ಮಟ್ಟದಿಂದ. ಎರಡೂ ತಾಳೆಯಾಗದಿದ್ದರೆ ತಪ್ಪು ಯಂತ್ರದ್ದಲ್ಲ, ನಿಮ್ಮ ನೆಲದ್ದು. ಬಾಲ್ಕನಿ, ಯುಟಿಲಿಟಿ, ತಾರಸಿ ಇಲ್ಲೆಲ್ಲ ನೀರು ಹರಿದುಹೋಗಲೆಂದು ಗಾರೆಯವರು ನೆಲಕ್ಕೆ ವಾಟ ಕೊಟ್ಟಿರುತ್ತಾರೆ. ವಾಟ ಉದ್ದಕ್ಕಿದ್ದರೆ ಪರದೆಯ 0 ನಿಜದಲ್ಲಿ 1 ಆಗಬಹುದು, ಅದೇನೂ ದೊಡ್ಡದಲ್ಲ. ಅಡ್ಡಕ್ಕಿದ್ದರೆ ಮಾತ್ರ ಬಿಡಬೇಡಿ: ಒಂದು ಕಾಲು ಸದಾ ಎತ್ತರದಲ್ಲಿ, ಇನ್ನೊಂದು ತಗ್ಗಿನಲ್ಲಿ ಓಡುತ್ತದೆ, ಬೆಲ್ಟೂ ಒಂದೇ ಬದಿಗೆ ಸರಿಯುತ್ತ ಹೋಗುತ್ತದೆ. ಹಿಂಗಾಲಿನ ತಿರುಗಿಸುವ ಬುಡಗಳನ್ನು ಮೊದಲು ಸರಿಮಾಡಿ.

"1ರಲ್ಲಿ ಇಟ್ಟು ಓಡಿ, ಮಂಡಿಗೆ ಒಳ್ಳೆಯದು" ಎಂಬ ಸಲಹೆ ಜಿಮ್ಮುಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಅದರ ಮೂಲ 1996ರಲ್ಲಿ ಜೋನ್ಸ್ ಮತ್ತು ಡೌಸ್ಟ್ ಪ್ರಕಟಿಸಿದ ಅಧ್ಯಯನ. ಹೊರಗೆ ಓಡುವಾಗ ಎದುರಾಗುವ ಗಾಳಿಯ ತಡೆ ಒಳಗೆ ಇರುವುದಿಲ್ಲ. ಆ ಶ್ರಮವನ್ನು ಶೇ. 1ರ ಏರು ತುಂಬಿಕೊಡುತ್ತದೆ ಎಂಬುದು ಅದರ ಸಾರ. ಅದೂ ತಕ್ಕಮಟ್ಟಿನ ವೇಗದ ಓಟಕ್ಕೆ. ಮಂಡಿಯ ಸಂಗತಿಯೇ ಅದರಲ್ಲಿಲ್ಲ.

ವೇಗದ ವಿಷಯದಲ್ಲಿ ಆಗುವ ತಪ್ಪು ಒಂದೇ: ಏರಿಸಿದ ಮೇಲೂ ಹಳೆಯ ವೇಗವನ್ನೇ ಇಟ್ಟುಕೊಳ್ಳುವುದು. 2002ರಲ್ಲಿ ಮಿನೆಟ್ಟಿ ಮತ್ತು ಸಂಗಡಿಗರು ಬೇರೆ ಬೇರೆ ಏರು, ಇಳಿಜಾರುಗಳಲ್ಲಿ ಓಟಕ್ಕೆ ತಗಲುವ ಶಕ್ತಿಯನ್ನು ಅಳೆದು ಸೂತ್ರವೊಂದನ್ನು ಕೊಟ್ಟಿದ್ದಾರೆ. ಅದರ ಪ್ರಕಾರ ಒಂದು ಮೀಟರ್ ಓಡಲು ಶೇ. 5ರ ಏರಿನಲ್ಲಿ ಸಮತಟ್ಟಿನ 1.3 ಪಟ್ಟು, ಶೇ. 10ರಲ್ಲಿ 1.65 ಪಟ್ಟು, ಶೇ. 15ರಲ್ಲಿ ಎರಡು ಪಟ್ಟಿಗೂ ತುಸು ಹೆಚ್ಚು ಶಕ್ತಿ ಬೇಕು. ಸಮತಟ್ಟಿನಲ್ಲಿ ಗಂಟೆಗೆ 10 ಕಿ.ಮೀ. ಸಲೀಸಾಗಿ ಓಡುವವರು ಶೇ. 5ಕ್ಕೆ 7.5, ಶೇ. 10ಕ್ಕೆ 6, ಶೇ. 15ಕ್ಕೆ 5 ಎಂದು ಇಟ್ಟುಕೊಂಡರೆ ಉಸಿರಿನ ಲೆಕ್ಕ ಸರಿಹೋಗುತ್ತದೆ. 5 ಎಂದರೆ ನಡಿಗೆಯೇ. ನಡೆಯಿರಿ, ಅದರಲ್ಲಿ ಅವಮಾನವೇನಿಲ್ಲ.

ವೇಗ ಇಳಿಸಲು ಮನಸ್ಸಾಗದವರು ಮುಂದಿನ ಹಿಡಿಕೆಗೆ ಜೋತುಬೀಳುತ್ತಾರೆ. ತೋಳು ಚಾಚಿ, ಮೈ ಹಿಂದಕ್ಕೆ ವಾಲಿಸಿ, ಬೆಲ್ಟಿಗೆ ನೇರ ಲಂಬವಾಗಿ ನಿಂತು ನಡೆಯುವುದನ್ನು ಯಾವ ಜಿಮ್ಮಿನಲ್ಲಾದರೂ ನೋಡಬಹುದು. ಹಾಗೆ ನಿಂತಾಗ ದೇಹದ ಮಟ್ಟಿಗೆ ಏರೇ ಇಲ್ಲ. ಒಂದಷ್ಟು ಭಾರ ಕೈಗೆ ಹೋಗಿದೆ, ಕುಂಡೆಯ ಸ್ನಾಯುಗಳಿಗೆ ಕೆಲಸವಿಲ್ಲ. ಪರದೆ ಮಾತ್ರ 15 ಎಂದೇ ತೋರಿಸಿ ಕ್ಯಾಲೊರಿ ಲೆಕ್ಕ ಹಾಕುತ್ತಿರುತ್ತದೆ. ಹಿಡಿಕೆ ಬಿಟ್ಟು ಎಷ್ಟು ಏರಿನಲ್ಲಿ ನಡೆಯಬಲ್ಲಿರೋ ಅದೇ ನಿಮ್ಮ ಏರು.

ಇನ್ನು ಬೆಲ್ಟು. ಮಂಡಿಗೆ ಹಲಗೆಯ ಕುಶನ್‌ಗಿಂತ ಬೆಲ್ಟಿನ ಹರಿವು ಮುಖ್ಯ ಎಂಬುದು ನಮ್ಮ ಅಭಿಪ್ರಾಯ. ಏರಿನಲ್ಲಿ ವೇಗ ಕಡಿಮೆ, ಪಾದ ಬೆಲ್ಟಿನ ಮೇಲೆ ನಿಲ್ಲುವ ಹೊತ್ತು ಹೆಚ್ಚು. ಮೋಟಾರು ಸಣ್ಣದಿದ್ದರೆ, ಅಥವಾ ಬೆಲ್ಟಿನಡಿ ಒಣಗಿದ್ದರೆ, ಪ್ರತಿ ಹೆಜ್ಜೆಗೂ ಬೆಲ್ಟು ಕೂದಲೆಳೆಯಷ್ಟು ಹೊತ್ತು ತಡವರಿಸಿ ಮತ್ತೆ ಎಳೆದುಕೊಳ್ಳುತ್ತದೆ. ಕಿವಿಗೆ ಅದು "ಗುರ್‌... ಗುರ್‌" ಎಂದು ಕೇಳುತ್ತದೆ, ಮಂಡಿಗೆ ಯಾರೋ ಕಾಲ್ಕೆಳಗಿನ ಚಾಪೆ ಜಗ್ಗಿದಂತಾಗುತ್ತದೆ. ಡೆಮೊ ನೋಡುವಾಗ ಗಂಟೆಗೆ 4 ಕಿ.ಮೀ. ವೇಗ, ಅರ್ಧದಷ್ಟು ಏರು ಇಟ್ಟು ಮನೆಯಲ್ಲಿ ಹೆಚ್ಚು ತೂಕದವರನ್ನೇ ನಡೆಸಿ ನೋಡಿ. ತಡವರಿಕೆ ಅಲ್ಲೇ ಗೊತ್ತಾಗುತ್ತದೆ. ಮೋಟಾರು ಕ್ಷಣಕಾಲ ಮಾತ್ರ ಕೊಡುವ ಶಕ್ತಿ, ಅಂದರೆ ಪೀಕ್ ಎಚ್‌ಪಿ ಎಂಬ ದೊಡ್ಡ ಅಂಕಿಗೆ ಮರುಳಾಗದೆ, ಎಡೆಬಿಡದೆ ಕೊಡಬಲ್ಲ ಕಂಟಿನ್ಯುಯಸ್ ಎಚ್‌ಪಿ ಎಷ್ಟೆಂದು ಕೇಳಿ.

ಕೊಂಡ ಮೇಲೆ ತಡವರಿಕೆ ಶುರುವಾದರೆ ಮೊದಲು ಎಣ್ಣೆ ನೋಡಿ. ಬೆಲ್ಟಿನ ಅಂಚು ಎತ್ತಿ ಅಡಿಗೆ ಕೈಯಾಡಿಸಿದರೆ ಬೆರಳಿಗೆ ಜಿಡ್ಡು ಹತ್ತಬೇಕು. ಒಣಗಿದ್ದರೆ ಶುದ್ಧ ಸಿಲಿಕೋನ್ ಎಣ್ಣೆ, 15ರಿಂದ 30 ಮಿ.ಲೀ., ನಡುಭಾಗಕ್ಕೆ ಬೀಳುವಂತೆ ಎರಡೂ ಬದಿಯಿಂದ ಹಾಕಿ ನಿಧಾನ ವೇಗದಲ್ಲಿ ಐದು ನಿಮಿಷ ಓಡಿಸಿ. ತೆಂಗಿನೆಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬೇಡವೇ ಬೇಡ. ಧೂಳು ಕಟ್ಟಿ ಅಂಟಾಗುತ್ತದೆ, ಬೆಲ್ಟೂ ಹಾಳು. ಎಣ್ಣೆ ಸರಿಯಿದ್ದೂ ಜಾರುತ್ತಿದ್ದರೆ ಹಿಂದಿನ ಎರಡೂ ಬೋಲ್ಟುಗಳನ್ನು ಅಲೆನ್ ಕೀಯಿಂದ ಒಂದೇ ಅಳತೆಯಲ್ಲಿ, ಒಂದು ಸಲಕ್ಕೆ ಕಾಲು ಸುತ್ತು ಮಾತ್ರ, ಬಿಗಿ ಮಾಡಿ. ಹಲಗೆಯ ನಡುಮಧ್ಯದಲ್ಲಿ ಬೆಲ್ಟಿನ ಅಂಚನ್ನು 5ರಿಂದ 7 ಸೆಂ.ಮೀ. ಎತ್ತಲಾಗುವಷ್ಟು ಸಡಿಲ ಇರಬೇಕು. ಅದಕ್ಕಿಂತ ಬಿಗಿದರೆ ಬೇರಿಂಗ್ ಮತ್ತು ಮೋಟಾರಿಗೆ ಪೆಟ್ಟು.

ಹಲಗೆಯ ಉದ್ದ 120 ಸೆಂ.ಮೀ. ಇದ್ದರೆ ಏರು ನಡಿಗೆಗೆ ಸಾಕು. ಓಡುವವರಿಗೆ 130 ಆದರೂ ಬೇಕು, ಎತ್ತರದವರಿಗೆ 140. ಏರಿನಲ್ಲಿ ಮೈ ಮುಂದಕ್ಕೆ ಬಾಗಿ ಮಂಡಿ ಮೇಲೇಳುವುದರಿಂದ ಗಿಡ್ಡ ಯಂತ್ರದಲ್ಲಿ ಕಾಲ್ಬೆರಳು ಮೋಟಾರಿನ ಮುಚ್ಚಳಕ್ಕೆ ಬಡಿಯುತ್ತದೆ. ಅದರ ಭಯಕ್ಕೆ ಹಿಂದೆ ಹಿಂದೆ ಸರಿದು ಕೊನೆಗೆ ಹಿಡಿಕೆಗೇ ಕೈ ಹೋಗುತ್ತದೆ.

ಈಗ ಮಾರಾಟಗಾರರ ಮಾತಿನ ಆ ಉಳಿದರ್ಧ. ಶೇ. 10ರ ಏರಿನಲ್ಲಿ ಗಂಟೆಗೆ 6 ಕಿ.ಮೀ.ಯಂತೆ ಅರ್ಧ ಗಂಟೆ ಹೋದರೆ 3 ಕಿ.ಮೀ. ದೂರ, ಸುಮಾರು 300 ಮೀಟರ್ ಎತ್ತರ. "ನಿಂತಲ್ಲೇ ಇದ್ದೇವಲ್ಲ, ಎತ್ತರ ಎಲ್ಲಿ?" ಎಂದು ಕೆಲವರು ಕೇಳುತ್ತಾರೆ. ಇಳಿಯುವ ಎಸ್ಕಲೇಟರಿನ ಮೇಲೆ ಅಷ್ಟೇ ವೇಗದಲ್ಲಿ ಮೇಲಕ್ಕೆ ಹತ್ತುತ್ತಿದ್ದರೆ ಹೇಗೋ ಹಾಗೆ. ಬೆಲ್ಟು ಕೆಳಗೆ ಒಯ್ದಷ್ಟನ್ನು ಕಾಲು ಮತ್ತೆ ಏರಿದೆ, ದುಡಿಮೆ ನಿಜವಾದದ್ದೇ. ನಂದಿ ಬೆಟ್ಟದಲ್ಲೋ ಚಾಮುಂಡಿ ಬೆಟ್ಟದಲ್ಲೋ 300 ಮೀಟರ್ ಹತ್ತಿದವರು ಅಷ್ಟನ್ನೂ ಇಳಿಯಲೇಬೇಕು. ಟ್ರೆಡ್‌ಮಿಲ್ಲಿನಲ್ಲಿ ಕೆಂಪು ಗುಂಡಿ ಒತ್ತಿ ಪಕ್ಕಕ್ಕೆ ಕಾಲಿಟ್ಟರೆ ಮುಗಿಯಿತು. ಮಂಡಿಗೆ ಯಂತ್ರ ಮಾಡುವ ದೊಡ್ಡ ಉಪಕಾರ ಇದು. ದೊಡ್ಡ ಕೊರತೆಯೂ ಇದೇ.

ಇಳಿಯುವಾಗ ಪಾದ ದೇಹಕ್ಕಿಂತ ಮುಂದೆ, ಮಂಡಿ ಹೆಚ್ಚು ನೆಟ್ಟಗಿರುವಾಗಲೇ ಊರುತ್ತದೆ. ಊರಿದ ಮೇಲೆ ಮಂಡಿ ಬಾಗುತ್ತ ಹೋಗುತ್ತದೆ, ಆ ಬಾಗುವಿಕೆಯನ್ನು ತೊಡೆಯ ಮುಂಭಾಗದ ಸ್ನಾಯುಗಳು ಬ್ರೇಕಿನಂತೆ ಹಿಡಿದು ನಿಧಾನಿಸುತ್ತವೆ. ಬಿಗಿದಿರುವಾಗಲೇ ಉದ್ದವಾಗಬೇಕಾದ ವಿಚಿತ್ರ ಕೆಲಸ ಅವುಗಳದ್ದು. ಆ ಸ್ನಾಯುಗಳ ಎಳೆತವೆಲ್ಲ ಮಂಡಿಚಿಪ್ಪಿನ ಮೂಲಕವೇ ಹಾದುಹೋಗಿ ಚಿಪ್ಪನ್ನು ತೊಡೆಮೂಳೆಗೆ ಒತ್ತುತ್ತದೆ. ಮೇಲೆ ಹೇಳಿದ 2005ರ ಅಳತೆಯಲ್ಲಿಯೇ 9 ಡಿಗ್ರಿ ಇಳಿಜಾರಿನಲ್ಲಿ ಮೊದಲ ಪೆಟ್ಟು ಸಮತಟ್ಟಿಗಿಂತ ಶೇ. 54ರಷ್ಟು, ಬ್ರೇಕ್ ಹಾಕುವ ಬಲ ಶೇ. 73ರಷ್ಟು ಹೆಚ್ಚಿತ್ತು. ಶ್ವಾಸಕೋಶಕ್ಕೆ ಇದರ ಸುಳಿವೇ ಹತ್ತುವುದಿಲ್ಲ. ಮಿನೆಟ್ಟಿಯವರ ಲೆಕ್ಕದಲ್ಲಿ ಓಟಕ್ಕೆ ಅತಿ ಕಡಿಮೆ ಶಕ್ತಿ ಸಾಕಾಗುವುದು ಸುಮಾರು ಶೇ. 20ರ ಇಳಿಜಾರಿನಲ್ಲಿ. ಉಸಿರು ಹಗುರ, ಎದೆಬಡಿತ ತಣ್ಣಗೆ, ಕೈಗಡಿಯಾರ "ಸುಲಭ ಓಟ" ಎಂದು ಹಸಿರು ತೋರಿಸುತ್ತದೆ, ಅದೇ ಹೊತ್ತಿನಲ್ಲಿ ಮಂಡಿ ದಿನದ ಅತಿ ಕಷ್ಟದ ಕೆಲಸ ಮಾಡುತ್ತಿರುತ್ತದೆ. ಇಳಿಜಾರಿನಲ್ಲಿ ಎದೆಬಡಿತ ನೋಡಿ ವೇಗ ನಿರ್ಧರಿಸಬೇಡಿ.

ಆರು ತಿಂಗಳು ಟ್ರೆಡ್‌ಮಿಲ್ಲಿನಲ್ಲಿ ಏರು ಸಾಧಿಸಿ 1712 ಮೀಟರ್ ಎತ್ತರದ ಕುಮಾರ ಪರ್ವತಕ್ಕೆ ಹೊರಟವರು ಹತ್ತುವಾಗ ಎಲ್ಲರಿಗಿಂತ ಮುಂದೆ ಇರುತ್ತಾರೆ. ಕುಕ್ಕೆಯ ಕಡೆಗೆ 1500 ಮೀಟರಿಗೂ ಹೆಚ್ಚು ಇಳಿಯುವಾಗ ಅವರ ತೊಡೆ ನಡುಗಲು ತೊಡಗುತ್ತದೆ. ದಣಿದ ತೊಡೆ ಬ್ರೇಕು ಹಿಡಿಯದಾದಾಗ ಹೆಜ್ಜೆ ದಡದಡ ಬೀಳುತ್ತದೆ, ಹೊರೆ ಕೀಲಿಗೇ ಹೋಗುತ್ತದೆ. ತೊಡೆ ನೋವು ಮರುದಿನದಿಂದ ಮೂರನೇ ದಿನದವರೆಗೆ ಏರುತ್ತದೆ; ಅದು ಸ್ನಾಯುವಿನದ್ದು, ತಾನೇ ಇಳಿಯುತ್ತದೆ. ಒಮ್ಮೆ ಇಳಿತ ಕಂಡ ಸ್ನಾಯು ಮುಂದಿನ ಕೆಲವು ವಾರ ಅದೇ ಇಳಿತಕ್ಕೆ ಅಷ್ಟು ನೋಯುವುದಿಲ್ಲ ಎಂಬುದು ಒಳ್ಳೆಯ ಸಂಗತಿ. ಆದ್ದರಿಂದ ಚಾರಣಕ್ಕೋ ಬೆಟ್ಟದ ಓಟಕ್ಕೋ ಎರಡು ಮೂರು ವಾರ ಮೊದಲು ಸ್ವಲ್ಪವಾದರೂ ಇಳಿದಿರಬೇಕು. ಹಿಂದಿನ ದಿನವಲ್ಲ.

ಕೆಳಮುಖವಾಗಿಯೂ ವಾಲುವ ಟ್ರೆಡ್‌ಮಿಲ್ಲುಗಳಿವೆ, ಹೆಚ್ಚು ಬೆಲೆಯ ಮಾದರಿಗಳಲ್ಲಿ. ಕೆಲವು ಶೇ. 3ರವರೆಗೆ, ಕೆಲವು ಶೇ. 6ರವರೆಗೆ ಇಳಿಯುತ್ತವೆ. ಬೆಟ್ಟದ ಓಟಕ್ಕೆ ತಯಾರಾಗುವವರಿಗೆ ಬಿಟ್ಟರೆ ಉಳಿದವರು ಅಷ್ಟು ಹಣ ಸುರಿಯುವ ಅಗತ್ಯ ಕಾಣುವುದಿಲ್ಲ. ಹಿಂಗಾಲಿನ ಕೆಳಗೆ ಇಟ್ಟಿಗೆ, ಹಲಗೆ ತುಂಡು ಕೊಟ್ಟು ಇಳಿಜಾರು ಮಾಡಿಕೊಳ್ಳುವ ಉಪಾಯವಂತೂ ಬೇಡ. ಓಟದ ಅದುರುವಿಕೆಗೆ ಇಟ್ಟಿಗೆ ಸರಿದರೆ ಚಲಿಸುವ ಬೆಲ್ಟಿನ ಮೇಲೆ ನೀವಿರುತ್ತೀರಿ.

ಆ ಕೆಲಸಕ್ಕೆ ಮನೆಯ ಮೆಟ್ಟಿಲು ಸಾಕು. 10 ಸೆಂ.ಮೀ. ಎತ್ತರದ ಗಟ್ಟಿ ಮಣೆಯಿಂದ ಶುರು ಮಾಡಿ: ಒಂದು ಕಾಲಿನ ಮೇಲೆ ನಿಂತು, ಮೂರು ಎಣಿಸುವಷ್ಟು ಹೊತ್ತು ನಿಧಾನವಾಗಿ ಮಂಡಿ ಬಾಗಿಸುತ್ತ ಇನ್ನೊಂದು ಕಾಲಿನ ಹಿಮ್ಮಡಿಯನ್ನು ನೆಲಕ್ಕೆ ಮುಟ್ಟಿಸಿ, ಭಾರ ಬಿಡದೆ ಮತ್ತೆ ಮೇಲೆ ಬನ್ನಿ. ಕಾಲಿಗೆ 8ರಿಂದ 10 ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಕನ್ನಡಿ ಮುಂದೆ ಮಾಡಿ. ಮಂಡಿ ಒಳಕ್ಕೆ ಹೆಬ್ಬೆರಳಿನತ್ತ ವಾಲದೆ ಎರಡನೇ ಬೆರಳಿನ ನೇರಕ್ಕಿರಬೇಕು. ವಾಲುತ್ತಿದ್ದರೆ ಎತ್ತರ ಇಳಿಸಿ. ಎರಡು ವಾರಕ್ಕೆ 15, ಆಮೇಲೆ 20 ಸೆಂ.ಮೀ. ನಂತರ ನಿಜವಾದ ಇಳಿಜಾರು: ಬೆಂಗಳೂರಿನವರಿಗೆ ಲಾಲ್‌ಬಾಗಿನ ಬಂಡೆ ಇದೆ, ಊರಲ್ಲಿರುವವರಿಗೆ ಕೆರೆ ಏರಿ ಇದ್ದೇ ಇದೆ. ಮೊದಲು ನಡೆದು ಇಳಿಯಿರಿ, ಆಮೇಲೆ ಗಿಡ್ಡ ಹೆಜ್ಜೆಯ ಓಟ.

ಗಿಡ್ಡ ಹೆಜ್ಜೆಯ ಅಭ್ಯಾಸಕ್ಕೆ ಟ್ರೆಡ್‌ಮಿಲ್ಲಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ, ಏಕೆಂದರೆ ವೇಗ ತಾನಾಗಿ ಬದಲಾಗದು. ಬಲಗಾಲು 30 ಸೆಕೆಂಡಿನಲ್ಲಿ ಎಷ್ಟು ಸಲ ಊರಿತೆಂದು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಹೆಜ್ಜೆ ಸಿಗುತ್ತದೆ. 160 ಬಂತೆನ್ನಿ, ತಾಳದಂತೆ ಟಿಕ್‌ಟಿಕ್ ಎನ್ನುವ ಮೆಟ್ರೊನೋಮ್ ಆ್ಯಪನ್ನು 168ಕ್ಕೆ ಇಟ್ಟು ಅದೇ ವೇಗದಲ್ಲಿ ಓಡಿ. ಹೈಡರ್‌ಶೈಟ್ ಮತ್ತು ಸಂಗಡಿಗರ 2011ರ ಅಧ್ಯಯನದಲ್ಲಿ ನಿಮಿಷದ ಹೆಜ್ಜೆ ಶೇ. 5ರಷ್ಟು ಹೆಚ್ಚಿದಾಗ ಮಂಡಿ ಹೀರಿಕೊಳ್ಳಬೇಕಾದ ಶಕ್ತಿ ಸುಮಾರು ಶೇ. 20ರಷ್ಟು ತಗ್ಗಿತ್ತು. ಹತ್ತಾರು ಸಾವಿರದ ಕುಶನ್ ತಂತ್ರಜ್ಞಾನಕ್ಕಿಂತ ಈ ಪುಕ್ಕಟೆ ಟಿಕ್‌ಟಿಕ್ ವಾಸಿ.

ನೋವು ಎಲ್ಲಿದೆ ಎಂಬುದರ ಮೇಲೆ ಈ ಯಂತ್ರ ನಿಮಗೆ ಸರಿಯೇ ಎಂದು ತಿಳಿಯುತ್ತದೆ. ಮಂಡಿಚಿಪ್ಪಿನ ಸುತ್ತ, ಮೆಟ್ಟಿಲಿಳಿಯುವಾಗ ಮತ್ತು ಬಹಳ ಹೊತ್ತು ಕೂತು ಏಳುವಾಗ ನೋಯುವವರಿಗೆ ಅಲ್ಪ ಏರು ಅನುಕೂಲವೇ. ಮಂಡಿಯ ಹೊರಬದಿಯಲ್ಲಿ, ಓಟದ ಇಂತಿಷ್ಟೇ ದೂರಕ್ಕೆ ಶುರುವಾಗಿ ಇಳಿಜಾರಿನಲ್ಲಿ ಜೋರಾಗುವ ನೋವಿಗೂ ಏರು ನಡಿಗೆ ಹೆಚ್ಚಾಗಿ ಒಗ್ಗುತ್ತದೆ. ಹಿಮ್ಮಡಿ ರಜ್ಜು ಕೆರಳಿರುವವರು ಇನ್‌ಕ್ಲೈನ್ ಗುಂಡಿಯನ್ನು ಮುಟ್ಟಬಾರದು. ಮಂಡಿ ಊದಿಕೊಂಡಿದ್ದರೆ, ನಡುವೆ ಸಿಕ್ಕಿಕೊಂಡಂತೆ ಆಗುತ್ತಿದ್ದರೆ, ಇದ್ದಕ್ಕಿದ್ದಂತೆ ಕುಸಿಯುತ್ತಿದ್ದರೆ ಅಂಗಡಿಗೆ ಮೊದಲು ಮೂಳೆ ವೈದ್ಯರ ಹತ್ತಿರ ಹೋಗಿ.

ಕೊಳ್ಳುವುದೇ ಆದರೆ ಜೋಡಿಸಲು ಬಂದವರು ಇನ್ನೂ ಮನೆಯಲ್ಲಿರುವಾಗಲೇ ಟೇಪು ತೆಗೆಯಿರಿ. ಎಲ್ಲ 15 ಲೆವೆಲ್ಲಿಗೂ ಏರಿಸಿ ಇಳಿಸಿ, ಏರಿದಾಗ ಹಲಗೆ ಎಡಬಲಕ್ಕೆ ಅಲುಗುತ್ತದೆಯೇ ನೋಡಿ. ಪ್ಲಗ್ಗು 15 ಆಂಪಿಯರಿನದ್ದಾಗಿರಲಿ, ತೆಳು ಎಕ್ಸ್‌ಟೆನ್ಷನ್ ಬೇಡ. ಏರಿನಲ್ಲಿರುವಾಗ ಕರೆಂಟು ಹೋದರೆ ಹಲಗೆ ಅಲ್ಲೇ ನಿಲ್ಲುತ್ತದೆ. ಕರೆಂಟು ಬಂದ ಮೇಲೆ ಕೆಲವು ಯಂತ್ರಗಳು ಹಲಗೆ ಮೇಲಿದ್ದರೂ 0 ತೋರಿಸುತ್ತವೆ. ಆಗ ಕೈಪಿಡಿಯಲ್ಲಿರುವಂತೆ ಇನ್‌ಕ್ಲೈನ್ ಕ್ಯಾಲಿಬ್ರೇಶನ್ ಮಾಡದೆ ಬಳಸಬೇಡಿ. ಮಡಚುವ ಮುನ್ನ 0ಗೆ ಇಳಿಸಲೇಬೇಕು, ಇಲ್ಲವಾದರೆ ಎತ್ತುವ ಸರಳು ಸೊಟ್ಟಗಾಗಬಹುದು. ಇಳಿಸುವ ಮುನ್ನ ಬಗ್ಗಿ ಹಲಗೆಯ ಅಡಿ ಒಮ್ಮೆ ನೋಡಿ: ಮಕ್ಕಳ ಚೆಂಡು, ಚಪ್ಪಲಿ, ಬೇಸಿಗೆಯಲ್ಲಾದರೆ ತಂಪಿಗೆ ಮಲಗಿದ ಬೆಕ್ಕು.